ಜನವರಿಯ ನಿರ್ಧಾರವೂ ಅಪ್ಪನ ಮಳೆ ಪುಸ್ತಕವೂ

ನೀವು ಕೇಳಿದ್ದು: "ಪ್ರತಿ ಜನವರಿಗೆ ಐದಕ್ಕೆ ಏಳೋದು, ವ್ಯಾಯಾಮ, ಸಕ್ಕರೆ ಬಿಡೋದು ಅಂತ ಶುರು ಮಾಡ್ತೀನಿ. ಶಿವರಾತ್ರಿ ಹೊತ್ತಿಗೆ ಎಲ್ಲ ನಿಂತಿರುತ್ತೆ. ಸಣ್ಣ ಸಣ್ಣ ಅಭ್ಯಾಸದಿಂದ ನಿಜಕ್ಕೂ ಬದಲಾಗಬಹುದಾ? 21 ದಿನ ಸಾಕಾ?"

21ರ ಲೆಕ್ಕ ಮೊದಲು ಮುಗಿಸಿಬಿಡ್ತೀನಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಮಂದಿಯನ್ನು 12 ವಾರ ಗಮನಿಸಿದ್ದರು. ಒಬ್ಬೊಬ್ಬರೂ ಒಂದೇ ಒಂದು ಕೆಲಸ ಆರಿಸಿಕೊಂಡು, ಅದನ್ನು 'ತಿಂಡಿ ಆದ ಮೇಲೆ' ಅನ್ನೋ ಥರದ ಒಂದು ಹೊತ್ತಿಗೆ ಗಂಟು ಹಾಕಿಕೊಳ್ಳಬೇಕು. ಅದು ತಾನಾಗಿ ನಡೆಯುವ ಹಂತಕ್ಕೆ ಬರಲು ಸರಾಸರಿ 66 ದಿನ. ಬೇಗ ಆದವರಿಗೆ 18, ತಡ ಆಗುವವರಿಗೆ 254 ದಿನ ಬೇಕು ಅಂತ, ಆ 12 ವಾರದ ಲೆಕ್ಕವನ್ನೇ ಮುಂದಕ್ಕೆ ಎಳೆದು ನೋಡಿದಾಗ ಅಂದಾಜು ಸಿಕ್ಕಿತು. ನೀರು ಕುಡಿಯುವಂಥದ್ದು ಬೇಗ ಹತ್ತಿತು, ವ್ಯಾಯಾಮ ನಿಧಾನ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಕಾಣಲಿಲ್ಲ. ನಮ್ಮ ಕೊಡಗಿನಲ್ಲಿ ಮಳೆಗಾಲದ ಆಟಿ ತಿಂಗಳ 18ನೇ ದಿನಕ್ಕೆ ಮದ್ದುಸೊಪ್ಪು ಅನ್ನೋ ಗಿಡಕ್ಕೆ 18 ಬಗೆ ಮದ್ದು ಸೇರುತ್ತೆ ಅಂತಾರೆ, ಅವತ್ತು ಅದರ ಪಾಯಸ ಮಾಡ್ತೀವಿ. ಸೊಪ್ಪಿಗೆ ತಾರೀಖು ಗೊತ್ತು, ಮನುಷ್ಯನಿಗೆ ಗೊತ್ತಿಲ್ಲ.

ಈಗ ನನ್ನ ಕಥೆ. ನಾನು ಭಾಗಮಂಡಲದ ಕಡೆಯವನು. ಒಂದಿಷ್ಟು ರೋಬಸ್ಟಾ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಆರು ವರ್ಷದ ಹಿಂದೆ ಡಾಕ್ಟರು, ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ ಅಂದರು. ಹೆದರಿ ಮಡಿಕೇರಿಯ ಒಂದು ಜಿಮ್ಮಿಗೆ ಇಡೀ ವರ್ಷದ ದುಡ್ಡು ಕಟ್ಟಿದೆ. ಹೋಗಿ ಬರಲು ಎಪ್ಪತ್ತು ಕಿಲೋಮೀಟರ್ ಆಸುಪಾಸು! ಹನ್ನೊಂದು ದಿನ ಹೋದೆ. ಹನ್ನೆರಡನೇ ದಿನ ಕಾಫಿ ಕುಯ್ಲಿಗೆ ಆಳು ಬಂದರು, ಅಲ್ಲಿಗೆ ಮುಗಿಯಿತು.

ನಮ್ಮ ಮನೆಯಲ್ಲಿ ನಿಲ್ಲದೆ ನಡೆಯುತ್ತಿದ್ದದ್ದು ಒಂದೇ. ಅಪ್ಪ ದಿನಾ ಬೆಳಿಗ್ಗೆ ಎಂಟಕ್ಕೆ ಅಂಗಳದಾಚೆಯ ರೈನ್ ಗೇಜ್ ನೋಡಿ ಪುಸ್ತಕದಲ್ಲಿ ಮಳೆ ಬರೆಯೋದು. ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಮಿಲಿಮೀಟರಿನಲ್ಲಿ ಹೇಳಿದರೆ ನಮ್ಮ ಕಡೆಯವರಿಗೆ ಮಳೆ ಬಂದ ಹಾಗೇ ಅನ್ನಿಸಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ದಿನಗಳಲ್ಲೂ ಕೊಡೆ ಹಿಡಿದು ಹೋಗಿ ನೋಡಿ ಬಂದಿದ್ದರು. ಜನವರಿಯಲ್ಲೂ ಹೋಗುತ್ತಿದ್ದರು. ಮೋಡವೇ ಇಲ್ಲ, ಏನು ನೋಡ್ತೀರಿ ಅಂತ ಒಮ್ಮೆ ಕೇಳಿದ್ದೆ. "ನೋಡದೆ ಸೊನ್ನೆ ಬರೆಯೋಕಾಗುತ್ತಾ?" ಅಂದರು.

ಅವರ ಮಂಡಿ ಸೋತಾಗ ಆ ಕೆಲಸ ನನಗೆ ಬಂತು. ಜಿಮ್ಮಿನ ದುಡ್ಡು ಹೋದ ಹೊಟ್ಟೆಯುರಿ ಇನ್ನೂ ಇತ್ತು. ಗೇಜ್ ನೋಡಿದ ಮೇಲೆ ಹಾಗೇ ಗೇಟಿನವರೆಗೆ ನಡೆದು ಬರೋದು ಅಂತ ಮಾಡಿಕೊಂಡೆ. ಎಂಬತ್ತು ಹೆಜ್ಜೆ ಇರಬಹುದು. ಒಂದು ತಿಂಗಳು ಬೇಕಂತಲೇ ಗೇಟು ದಾಟಲಿಲ್ಲ. ಹೆಂಡತಿ ನಕ್ಕಳು, ನಾಯಿಗೂ ಬೇಸರ. ಆಮೇಲೆ ರಸ್ತೆಯ ಮೋರಿವರೆಗೆ, ಆಮೇಲೆ ತೋಡಿನ ಪಂಪ್‌ಹೌಸಿನವರೆಗೆ. ಈಗ ನಲವತ್ತು ನಿಮಿಷ. ಅಪ್ಪನ ಪುಸ್ತಕದಲ್ಲೇ ಇಂಚಿನ ಪಕ್ಕ ಇನ್ನೊಂದು ಗೆರೆ ಎಳೆದು ನಡೆದದ್ದನ್ನು ಬರೆಯುತ್ತೇನೆ.

ಪರೀಕ್ಷೆ ಆಗೋದು ಮಳೆಗಾಲದಲ್ಲಿ. ಜುಲೈನಲ್ಲಿ ಸಂಗಮದ ನೀರು ರಸ್ತೆಗೆ ಬರುತ್ತೆ, ತೋಟದೊಳಗೆ ಕಾಲಿಟ್ಟರೆ ಜಿಗಣೆ. ವಾರಗಟ್ಟಲೆ ನನ್ನ ಗೆರೆಯಲ್ಲಿ ಬರೀ ಸೊನ್ನೆ. ಆದರೆ ಗೇಜಿನವರೆಗೆ ಹೋಗೋದಂತೂ ತಪ್ಪಲ್ಲ. ಹಾಗಾಗಿ ಸೆಪ್ಟೆಂಬರಿನಲ್ಲಿ ಬಿಸಿಲು ಬಿದ್ದಾಗ 'ಮತ್ತೆ ಶುರು ಮಾಡಬೇಕು' ಅನ್ನೋ ದೊಡ್ಡ ಸಂಕಲ್ಪವೇ ಬೇಕಾಗಲಿಲ್ಲ, ಗೇಟು ತೆಗೆದು ಹೊರಟೆ, ಅಷ್ಟೆ.

ಕಾಫಿಗೆ ಎರಡು ಚಮಚ ಸಕ್ಕರೆ ಹಾಕುತ್ತಿದ್ದೆ. ಸಕ್ಕರೆ ಡಬ್ಬಿ ಖಾಲಿಯಾದಾಗೆಲ್ಲ ಕಾಲು ಚಮಚ ಇಳಿಸಿದೆ. ಇಳಿಸಿದಷ್ಟೂ ಡಬ್ಬಿ ಹೆಚ್ಚು ದಿನ ಬರುತ್ತೆ, ಹಾಗಾಗಿ ಕಷ್ಟದ ಮೆಟ್ಟಿಲು ಬರುವ ಹೊತ್ತಿಗೆ ನಾಲಿಗೆಗೆ ಸಮಯವೂ ಜಾಸ್ತಿ ಸಿಗುತ್ತೆ. ಅರ್ಧ ಚಮಚಕ್ಕೆ ನಿಲ್ಲಿಸಿದ್ದೇನೆ. ಅದಕ್ಕಿಂತ ಕೆಳಗೆ ಇಳಿಯುವ ಆಸೆ ನನಗಿಲ್ಲ.

ಒಂದು ಮಾತ್ರ ಈ ದಾರಿಗೆ ಬಗ್ಗಲಿಲ್ಲ. ಸಂಜೆಯ ಗ್ಲಾಸು. ವಾರಕ್ಕೊಂದು ಪೆಗ್ ಕಮ್ಮಿ ಮಾಡೋ ಲೆಕ್ಕ ನಮ್ಮ ಸುಗ್ಗಿ ಹಬ್ಬ ಹುತ್ತರಿಯವರೆಗೂ ಬರಲಿಲ್ಲ. ಕೊನೆಗೆ ಬಾಟಲಿಯನ್ನೇ ಮನೆಯಿಂದ ಆಚೆ ಹಾಕಿದೆ, ಈಗ ಮದುವೆ ಮನೆಯಲ್ಲಿ ಮಾತ್ರ. ಸಣ್ಣ ಹೆಜ್ಜೆ ಎಲ್ಲಕ್ಕೂ ಮದ್ದು ಅನ್ನುವವರ ಮಾತು ಅದಕ್ಕೇ ನಾನು ಪೂರ್ತಿ ನಂಬಲ್ಲ. ಕೂಡಿಸಿಕೊಳ್ಳೋದಕ್ಕೆ ಅದು ಸರಿ, ಬಿಡೋದಕ್ಕೆ ಕೆಲವು ಸಲ ಸಾಲದು.

ನೀವು ಮೂರನ್ನೂ ಒಟ್ಟಿಗೆ ಹಿಡಿದಿದ್ದೀರಿ, ಎರಡನ್ನು ಕೆಳಗಿಡಿ. ಐದಕ್ಕೆ ಏಳೋದಂತೂ ಈಗಲೇ ಬೇಡ, ಎದ್ದು ಮಾಡೋಕೆ ಏನಾದರೂ ಇದ್ದರೆ ತಾನೇ. ಹಾಲು ತರೋದೋ ಬಾಗಿಲಿಗೆ ನೀರು ಹಾಕೋದೋ, ದಿನಾ ತಪ್ಪದೆ ಏನು ಮಾಡ್ತೀರಿ ನೋಡಿ, ಅದರ ಬಾಲಕ್ಕೆ ಎರಡು ನಿಮಿಷದ ನಡಿಗೆ ಕಟ್ಟಿ. ಜೋರು ಜ್ವರ ಬಂದ ದಿನವೂ ಮಾಡಬಹುದಾದಷ್ಟು ಚಿಕ್ಕದಿರಲಿ.

ಇವತ್ತು ನಮ್ಮಲ್ಲಿ 3 ಇಂಚು 40 ಸೆಂಟ್. ನಡಿಗೆ ಸೊನ್ನೆ.