ದಿನಕ್ಕೆ ಅರ್ಧ ಗಂಟೆ ಸಿಕ್ಕರೆ ಮೊದಲು ಏನು?

ಸರ್, ಹಾಸನದಲ್ಲಿ ಅಂಗಡಿ, ದಿನಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಸಿಗುವುದಿಲ್ಲ, ವಾಕಿಂಗ್, ಜಿಮ್, ಧ್ಯಾನ ಇವುಗಳಲ್ಲಿ ಯಾವುದು ಮೊದಲು ಅಂತ ಕೇಳಿದ್ದೀರಿ. ನಡಿಗೆಯೇ ಮೊದಲು. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಲ್ಲಿಗೆ ಅರ್ಧ ಗಂಟೆಯಂತೆ ಐದು ದಿನ ಆಯಿತು. ಮಹಾರಾಜ ಪಾರ್ಕ್‌ನಲ್ಲಿ ಬಿರುಸಾಗಿ ನಡೆಯಿರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಉಳಿದ ಎರಡು ದಿನ ಮನೆಯಲ್ಲೇ ಬಸ್ಕಿ ಹೊಡೆಯಿರಿ, ಗೋಡೆಗೆ ಕೈಯೂರಿ ದಂಡ ತೆಗೆಯಿರಿ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಇದನ್ನು ಬಿಡಲೇಬೇಡಿ.

ಉಪ್ಪು ಕಡಿಮೆ ಮಾಡುವುದಕ್ಕೆ ಸಮಯವೇ ಬೇಡ ಅಲ್ವಾ? ದಿನಕ್ಕೆ 5 ಗ್ರಾಂ ಒಳಗಿರಲಿ. ಮುದ್ದೆ, ಬಸ್ಸಾರು ಬಿಡಬೇಕಿಲ್ಲ. ಪಕ್ಕದ ಉಪ್ಪಿನಕಾಯಿ, ಹಪ್ಪಳ ಬಿಡಿ. ಬಿಪಿ ಒಮ್ಮೆ ನೋಡಿಸಿ, ಏರಿದ್ದರೂ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನಿದ್ದೆ ಕೆಡಿಸಿಕೊಂಡು ಮಾತ್ರ ವಾಕಿಂಗ್ ಬೇಡ. ಧ್ಯಾನ ಆಮೇಲೆ ನೋಡೋಣ.