ಹಲ್ಲಿನ ಸೆಟ್ ಕಟ್ಟಿಸಿದರೆ ಮರೆವು ಹೋಗುತ್ತದೆಯೇ?

ನಿಮ್ಮ ತಾಯಿಗೆ ಎಂಟು ಹಲ್ಲು ಬಿದ್ದಿವೆ, ಈಚೆಗೆ ಮರೆವೂ ಹೆಚ್ಚಿದೆ, ಸೆಟ್ ಕಟ್ಟಿಸಿದರೆ ನೆನಪು ಮರಳುತ್ತದೆಯೇ ಎಂದು ಕೇಳಿದ್ದೀರಿ. ಹೋದ ನೆನಪನ್ನು ಸೆಟ್ ತಂದುಕೊಡುವುದಿಲ್ಲ. ಆದರೂ ಕಟ್ಟಿಸಿ.

2021ರಲ್ಲಿ 14 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆಚ್ಚು ಹಲ್ಲು ಕಳೆದುಕೊಂಡವರಲ್ಲಿ ಡಿಮೆನ್ಷಿಯಾದ, ಅಂದರೆ ನೆನಪು-ಯೋಚನೆ ಕುಂದುತ್ತಾ ಹೋಗುವ ಕಾಯಿಲೆಯ, ಸಾಧ್ಯತೆ 1.28 ಪಟ್ಟು ಇತ್ತು. ಸೆಟ್ ಹಾಕಿಕೊಂಡವರಲ್ಲಿ ಆ ವ್ಯತ್ಯಾಸ ಗಣನೀಯವಾಗಿರಲಿಲ್ಲ. ಇಷ್ಟಕ್ಕೇ ಹಲ್ಲೇ ಕಾರಣ ಎನ್ನಲಾಗದು. ಮರೆವು ಶುರುವಾದವರು ಹಲ್ಲುಜ್ಜುವುದನ್ನೂ ಮರೆಯುತ್ತಾರಲ್ಲ! ವಸಡಿನ ರೋಗ ತರುವ ಪೋರ್ಫಿರೋಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾದ ಕುರುಹು ಅಲ್ಝೈಮರ್ಸ್ ರೋಗಿಗಳ ಮೆದುಳಿನಲ್ಲಿ ಸಿಕ್ಕಿತೆಂದು 2019ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಅದರ ಕಿಣ್ವಗಳನ್ನು ತಡೆಯಲು ತಯಾರಿಸಿದ ಔಷಧ 2021ರ ಪ್ರಯೋಗದಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ.

ನಮ್ಮ ಅತ್ತೆಯವರ ಸೆಟ್ ಎರಡು ವರ್ಷ ಸ್ಟೀಲ್ ಲೋಟದ ನೀರಿನಲ್ಲೇ ಮಲಗಿತ್ತು, ವಸಡಿಗೆ ಒತ್ತುತ್ತದೆ ಎಂದು. ಚಪಾತಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದರು, ಮದುವೆಮನೆಗೆ ಹೋಗುವುದನ್ನೇ ಬಿಟ್ಟಿದ್ದರು. ಒತ್ತುವ ಅಂಚನ್ನು ಉಜ್ಜಿಸಿದ ಮೇಲೆ ಕೋಸಂಬರಿಗೆ ಮರಳಿದರು, ಪಕ್ಕದ ಮನೆಯ ಹರಟೆಗೂ. ಆದ್ದರಿಂದ ಕಟ್ಟಿಸಿದ ಮೇಲೆ ಎರಡು ಮೂರು ಸಲ ಸರಿಪಡಿಸಲು ಕರೆದುಕೊಂಡು ಹೋಗಿ. ರಾತ್ರಿ ತೆಗೆದಿಡಲಿ. ಉಳಿದ ಹಲ್ಲುಗಳ ವಸಡಿನಲ್ಲಿ ರಕ್ತ ಬರುತ್ತಿದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಲಿ.

ಮರೆವಿಗೆ ಬೇರೆಯೇ ವೈದ್ಯರನ್ನು ಕಾಣಿ. ಬಿ12, ಥೈರಾಯ್ಡ್, ಕಿವಿ, ಈ ಮೂರನ್ನೂ ಪರೀಕ್ಷಿಸಲು ಕೇಳಿ; ಹಲ್ಲಿನ ಕೆಲಸ ಮುಗಿಯಲಿ ಎಂದು ಕಾಯಬೇಡಿ.