ಹಾಲೆ ಮರದ ಕಷಾಯ ಮಾತ್ರೆಗೆ ಬದಲಾದೀತೇ?

ಪ್ರಶ್ನೆ: ಆಟಿ ಅಮಾವಾಸ್ಯೆಯಂದು ನಾವು ಹಾಲೆ ಮರದ ಕಷಾಯ ಕುಡಿಯುತ್ತೇವೆ. ಮಗಳು ಕಾಲೇಜಿನ ಪ್ರಾಜೆಕ್ಟ್‌ಗಾಗಿ ಅದೇ ತೊಗಟೆಯ ಸಾರವನ್ನು ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಗೆ ಹಾಕಿದಾಗ 14 ಮಿ.ಮೀ. ವ್ಯಾಸದಷ್ಟು ಜಾಗದಲ್ಲಿ ಅವು ಬೆಳೆಯಲಿಲ್ಲ. ನನಗೆ ಪದೇ ಪದೇ ಮೂತ್ರದ ಸೋಂಕು ಬರುತ್ತದೆ. ಮಾತ್ರೆಯ ಬದಲು ಈ ಕಷಾಯ ಸಾಕೇ?
– ಓದುಗರು, ಕಾಪು

ಉತ್ತರ: ಸಾಲದು. ಮಗಳ ಪ್ರಯೋಗವನ್ನು ನಾನು ಅಲ್ಲಗಳೆಯುತ್ತಿಲ್ಲ, ಆದರೆ ಅವಳನ್ನು ಒಂದೆರಡು ವಿಷಯ ಕೇಳಿ. ಸಾರ ತೆಗೆದದ್ದು ನೀರಿನಲ್ಲೋ, ಮೆಥನಾಲ್‌ನಲ್ಲೋ? ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವುದು ಮೆಥನಾಲ್ ಅಥವಾ ಎಥನಾಲ್. ಅವುಗಳಲ್ಲಿ ಕರಗುವುದೆಲ್ಲ ನಿಮ್ಮ ಕಷಾಯಕ್ಕೆ ಇಳಿಯುವುದಿಲ್ಲ. ಆ ದ್ರಾವಕಗಳೇ ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲವು. ಆದ್ದರಿಂದ ಹೋಲಿಸಿ ನೋಡಲು ಬರೀ ದ್ರಾವಕ ಹಾಕಿದ ಗುಳಿಯೊಂದು ತಟ್ಟೆಯಲ್ಲಿ ಇರಲೇಬೇಕು. ಅದಿಲ್ಲದಿದ್ದರೆ 14 ಮಿ.ಮೀ.ಗೆ ಅರ್ಥವಿಲ್ಲ.

ದೊಡ್ಡ ತೊಡಕು ಪ್ರಮಾಣದ್ದು. ಒಳ್ಳೆಯ ಆ್ಯಂಟಿಬಯಾಟಿಕ್ ಪ್ರತಿ ಮಿಲಿಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಕೆಲಸ ಮಾಡುತ್ತದೆ. ಕಚ್ಚಾ ಸಸ್ಯಸಾರಕ್ಕೆ ಹಲವು ಸಲ ಮಿಲಿಗ್ರಾಂಗಳೇ ಬೇಕು, ಅಂದರೆ ಸಾವಿರ ಪಟ್ಟು. ಮಿಲಿಲೀಟರಿಗೆ 5 ಮಿಲಿಗ್ರಾಂ ಬೇಕು ಎಂದೇ ಹಿಡಿಯೋಣ. ವಯಸ್ಕರ ಮೈಯಲ್ಲಿರುವ ಸುಮಾರು 5 ಲೀಟರ್ ರಕ್ತದಲ್ಲಿ ಆ ಸಾಂದ್ರತೆ ಬರಲು 25 ಗ್ರಾಂ ಒಣಸಾರ ಚೂರೂ ಪೋಲಾಗದೆ ರಕ್ತ ಸೇರಬೇಕು. ತೊಗಟೆ ಅದಕ್ಕಿಂತಲೂ ಎಷ್ಟೋ ಹೆಚ್ಚು ಬೇಕಾಗುತ್ತದೆ. ಕುಡಿದದ್ದು ಕರುಳನ್ನೂ ಯಕೃತ್ತನ್ನೂ ದಾಟಿ ಮೂತ್ರಕ್ಕೆ ಇಳಿಯುವುದು ಅದರಾಚೆಯ ಮಾತು. ಗಾಯಕ್ಕೆ ಹಚ್ಚುವ, ಬಾಯಿ ಮುಕ್ಕಳಿಸುವ ಮದ್ದುಗಳಿಗೆ ಈ ಅಡ್ಡಿಗಳಿಲ್ಲ. ಸಸ್ಯಸಾರಗಳ ಮೇಲೆ ನನಗೆ ಭರವಸೆ ಇರುವುದೂ ಅಲ್ಲೇ.

ಮೂತ್ರದ ಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಹೊರಪೊರೆಯೊಂದು ಹೆಚ್ಚುವರಿಯಾಗಿ ಇರುತ್ತದೆ. ಆ ಪೊರೆಯಿಲ್ಲದ ಸ್ಟೆಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳನ್ನು ತಡೆಯುವ ಅನೇಕ ಸಸ್ಯಸಾರಗಳು ಇದರ ಮುಂದೆ ಸೋಲುತ್ತವೆ. ಮಗಳು ಪರೀಕ್ಷಿಸಿದ್ದು ಯಾವುದನ್ನು?

ಪದೇ ಪದೇ ಸೋಂಕು ಬರುತ್ತಿದ್ದರೆ ಮಾತ್ರೆ ಶುರು ಮಾಡುವ ಮೊದಲೇ ಯಾವ ಬ್ಯಾಕ್ಟೀರಿಯಾ ಇದೆ ಎಂದು ಬೆಳೆಸಿ ನೋಡುವ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿ, ಸಕ್ಕರೆಯ ಮಟ್ಟವನ್ನೂ ನೋಡಿಸಿ. ಜ್ವರ, ಚಳಿ, ಸೊಂಟದ ಮೇಲ್ಭಾಗದಲ್ಲಿ ನೋವು ಕಂಡರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಅಂದೇ ವೈದ್ಯರ ಬಳಿ ಹೋಗಿ.

ಆಟಿಯ ಕಷಾಯ ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ನಸುಕಿನ ಕತ್ತಲಲ್ಲಿ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುವಾಗ ಮರ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಹಾಲೆಯೆಂದು ತಪ್ಪಿ ಕಾಸರಕ ಎಂಬ ಮರದ ತೊಗಟೆ ತೆಗೆದರೆ, ಅದರಲ್ಲಿ ಸ್ಟ್ರಿಕ್ನಿನ್ ಎಂಬ ವಿಷವಿದೆ. ಹಿಂದಿನ ದಿನ ಹಗಲಿನಲ್ಲೇ ಮರ ನೋಡಿಕೊಳ್ಳಿ. ಹಾಲೆಯ ಎಲೆಗಳು ಒಂದೇ ಗಿಣ್ಣಿನ ಸುತ್ತ ಸಾಮಾನ್ಯವಾಗಿ ಏಳರವರೆಗೂ ಇರುತ್ತವೆ, ತೊಗಟೆ ಕೆತ್ತಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರುಬದುರಾಗಿ ಎರಡೆರಡೇ ಇರುತ್ತವೆ, ಹಾಲು ಬರುವುದಿಲ್ಲ.